ಡ್ರಿಲ್ ಇಳಿಯುವ ಮುನ್ನ: ಮೂಲನಿವಾಸಿಗಳ ನೆಲದಲ್ಲಿ ಚಿನ್ನ-ತಾಮ್ರ ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವಾಯವ್ಯ ಮೂಲೆಗೆ ಗಣಿ ಉದ್ಯಮದವರು ಇಟ್ಟ ಹೆಸರು ಗೋಲ್ಡನ್ ಟ್ರಯಾಂಗಲ್. ಅದರ ಬಹುಪಾಲು ಟಾಲ್ಟನ್ ಜನರ ನೆಲ. ಆ ನೆಲದ ವಿಸ್ತಾರ ಸುಮಾರು 95,900 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧದಷ್ಟು. ಅಲ್ಲಿರುವುದು ಟೆಲಿಗ್ರಾಫ್ ಕ್ರೀಕ್, ಡೀಸ್ ಲೇಕ್, ಇಸ್ಕುಟ್ ಎಂಬ ಮೂರು ಸಣ್ಣ ಊರುಗಳು. ಎಸ್ಕೇ ಕ್ರೀಕ್, ರೆಡ್ ಕ್ರಿಸ್, ಗ್ಯಾಲೋರ್ ಕ್ರೀಕ್ ಎಂದು ಷೇರುಪೇಟೆಯಲ್ಲಿ ಓಡಾಡುವ ಹೆಸರುಗಳೆಲ್ಲ ಈ ನೆಲದವೇ.

ನಮ್ಮ ಕಡೆ ಭೂವಿಜ್ಞಾನ ಓದಿ ವ್ಯಾಂಕೂವರ್‌ನ ಸಣ್ಣ ಅನ್ವೇಷಣಾ ಕಂಪನಿ ಸೇರುವ ಹುಡುಗ ಹುಡುಗಿಯರಿಗೆ ಪಾರ್ಫಿರಿ ತಾಮ್ರ (ದೊಡ್ಡ ಬಂಡೆಯ ತುಂಬ ತೆಳುವಾಗಿ ಹರಡಿದ ಅದಿರು) ಎಂದರೇನು, ಐಪಿ ಸರ್ವೆ (ನೆಲಕ್ಕೆ ವಿದ್ಯುತ್ ಹಾಯಿಸಿ ಅದಿರಿನ ಸುಳಿವು ಹುಡುಕುವುದು) ಹೇಗೆ ಎಂಬುದು ಗೊತ್ತಿರುತ್ತದೆ. ನೆಲ ಯಾರದು, ಮೊದಲು ಯಾರ ಬಾಗಿಲು ತಟ್ಟಬೇಕು ಎಂಬುದನ್ನು ತರಗತಿಯಲ್ಲಿ ಯಾರೂ ಹೇಳಿರುವುದಿಲ್ಲ. ಈ ಬರಹ ಅವರಿಗೆ. ಉದಾಹರಣೆಗಳು ಬ್ರಿಟಿಷ್ ಕೊಲಂಬಿಯಾದವು. ಕ್ರಮ ಮಾತ್ರ ಬೇರೆಡೆಗೂ ಬಹುಮಟ್ಟಿಗೆ ಹೊಂದುತ್ತದೆ.

ಶುರುವಿಗೇ ಒಂದು ಮಾತು. ಈ ಕೆಲಸದಲ್ಲಿ ಸೋಲೇ ಸಾಮಾನ್ಯ, ಗಣಿಯಾಗುವುದು ಅಪರೂಪ. ನಮ್ಮೂರಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಸ್ಕೇ ಕ್ರೀಕ್‌ನಲ್ಲಿ ಮೊದಲ ಕ್ಲೇಮ್ (ಗುರುತಿಸಿದ ಜಾಗದಲ್ಲಿ ಖನಿಜ ಹುಡುಕುವ ಹಕ್ಕು) ಹಾಕಿದ್ದು 1932ರಲ್ಲಿ. ಎಷ್ಟೋ ಕಂಪನಿಗಳು ಬಂದು ಹೋದ ಮೇಲೆ, 1989ರಲ್ಲಿ, 109ನೇ ಸಂಖ್ಯೆಯ ಕೊರೆತ 208 ಮೀಟರ್ ಉದ್ದಕ್ಕೂ ಟನ್ನಿಗೆ ಸರಾಸರಿ 27 ಗ್ರಾಂ ಚಿನ್ನ ತೋರಿಸಿತು. ನಡುವಿನ ಐವತ್ತೇಳು ವರ್ಷ ಅಲ್ಲಿನ ಜನ ಕಂಡದ್ದು ಬರುವವರನ್ನು, ಕೊರೆಯುವವರನ್ನು, ಬಿಟ್ಟುಹೋಗುವವರನ್ನು. ಹಾಗಾಗಿ ಸಮುದಾಯದ ಜೊತೆಗಿನ ಒಪ್ಪಂದವನ್ನು ಗಣಿ ಬರುತ್ತದೆ ಎಂದುಕೊಂಡು ಬರೆಯಬೇಡಿ. ಏನೂ ಸಿಗದೇ ಹೋದರೂ ಅವರಿಗೆ ನಷ್ಟವಾಗದಂತೆ ಬರೆಯಿರಿ. ಕೆಳಗಿನ ಹಂತಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

ಹಂತ 1: ಕ್ಲೇಮ್ ಹಾಕುವ ಮೊದಲೇ ನೆಲದವರನ್ನು ಗುರುತಿಸಿ

ಮೊದಲೆಲ್ಲ ಕ್ಲೇಮ್ ಹಾಕುವುದು ಆನ್‌ಲೈನ್‌ನಲ್ಲಿ ಬಸ್ ಟಿಕೆಟ್ ತೆಗೆದಷ್ಟು ಸಲೀಸಿತ್ತು. ಫ್ರೀ ಮೈನರ್ ಸರ್ಟಿಫಿಕೇಟ್ ಎಂಬ ಅನುಮತಿ ಪತ್ರ ಇದ್ದವರು ಮಿನರಲ್ ಟೈಟಲ್ಸ್ ಆನ್‌ಲೈನ್ ಎಂಬ ಸರ್ಕಾರಿ ಪುಟ ತೆರೆದು, ನಕ್ಷೆಯ ಚೌಕಗಳನ್ನು ಒತ್ತಿ, ಹೆಕ್ಟೇರಿಗೆ 1.75 ಡಾಲರ್ ಕಟ್ಟಿದರೆ ಮುಗಿಯಿತು. ಉತ್ತರದಲ್ಲಿ ಒಂದು ಚೌಕ ಸುಮಾರು 16 ಹೆಕ್ಟೇರ್, ದಕ್ಷಿಣದಲ್ಲಿ ಸುಮಾರು 21. ನೆಲದ ಮೂಲನಿವಾಸಿಗಳಿಗೆ ಒಂದು ಮಾತೂ ತಿಳಿಸಬೇಕಿರಲಿಲ್ಲ.

ಗಿಟ್‌ಖಾಲಾ ಮತ್ತು ಎಹಾಟೆಸಾಟ್ ಸಮುದಾಯಗಳು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವು. ಕ್ಲೇಮ್ ಕೊಡುವುದೇ ಸಮುದಾಯದ ಹಕ್ಕಿನ ಮೇಲೆ ಪರಿಣಾಮ ಬೀರುತ್ತದೆ, ಆದ್ದರಿಂದ ಅದಕ್ಕೂ ಮುಂಚೆ ಸರ್ಕಾರ ಸಮಾಲೋಚನೆ ನಡೆಸಬೇಕು ಎಂದು 2023ರ ಸೆಪ್ಟೆಂಬರ್‌ನಲ್ಲಿ ಪ್ರಾಂತ್ಯದ ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರಕ್ಕೆ ಹದಿನೆಂಟು ತಿಂಗಳ ಗಡುವು ಸಿಕ್ಕಿತು. 2025ರ ಮಾರ್ಚ್ 26ರಿಂದ ಹೊಸ ವ್ಯವಸ್ಥೆ ಜಾರಿಯಲ್ಲಿದೆ: ಅರ್ಜಿ ಹಾಕಿದರೆ ಜಾಗ ನಿಮ್ಮ ಹೆಸರಲ್ಲಿ ಕಾಯ್ದಿರುತ್ತದೆ, ಸಮುದಾಯಕ್ಕೆ ಮಾಹಿತಿ ಹೋಗುತ್ತದೆ, ತೀರ್ಮಾನಕ್ಕೆ ಸರ್ಕಾರ ಇಟ್ಟುಕೊಂಡ ಗುರಿ 90ರಿಂದ 120 ದಿನ. ಕಾನೂನು ಇನ್ನೂ ಚಲಿಸುತ್ತಲೇ ಇದೆ. ಹೋದ ವರ್ಷದ ಟಿಪ್ಪಣಿ ನಂಬಿಕೊಂಡು ಕೂರಬೇಡಿ, ಅರ್ಜಿ ಹಾಕುವ ವಾರದಲ್ಲಿ ಮತ್ತೊಮ್ಮೆ ಓದಿ.

ಈ 120 ದಿನವನ್ನು ಅಡ್ಡಿ ಎಂದು ಗೊಣಗುವ ಕಂಪನಿಗಳು ಬೇಕಾದಷ್ಟಿವೆ. ನನಗೆ ಅದು ಅಗ್ಗದ ವಿಮೆಯಂತೆ ಕಾಣುತ್ತದೆ. ಬೇಡ ಎನ್ನುವ ಜಾಗ ಯಾವುದು ಎಂದು ಒಂದು ಡ್ರಿಲ್ ಕೊರೆಯುವ ಮೊದಲೇ ತಿಳಿದರೆ ಉಳಿಯುವ ಹಣ ಎಷ್ಟೆಂದು ಲೆಕ್ಕ ಹಾಕಿ ನೋಡಿ.

ಈ ಹಂತದಲ್ಲಿ ಮಾಡಬೇಕಾದ್ದು ಇಷ್ಟು. ಪ್ರಾಂತ್ಯದ ಸಮಾಲೋಚನಾ ನಕ್ಷೆಯಲ್ಲಿ ನಿಮ್ಮ ಚೌಕಗಳನ್ನಿಟ್ಟು ಯಾವ ಯಾವ ಸಮುದಾಯದ ನೆಲ ಒಂದರ ಮೇಲೊಂದು ಹಾಯುತ್ತದೆ ಎಂದು ಬರೆದುಕೊಳ್ಳಿ. ಎರಡು ಸಮುದಾಯಗಳ ಗಡಿ ಪರಸ್ಪರ ಹಾಯುವುದು ಸಾಮಾನ್ಯ; ಹತ್ತಿರದ ಊರಿನವರ ಜೊತೆ ಮಾತ್ರ ಮಾತಾಡಿ ಇನ್ನೊಬ್ಬರನ್ನು ಬಿಟ್ಟರೆ ಜಗಳಕ್ಕೆ ನೀವೇ ಕಾರಣವಾಗುತ್ತೀರಿ. ಆಮೇಲೆ, ಯಾರಿಗೆ ಮಾತಾಡುವ ಅಧಿಕಾರ ಇದೆ ಎಂದು ತಿಳಿಯಿರಿ. ಇಂಡಿಯನ್ ಆ್ಯಕ್ಟ್ ಎಂಬ 1876ರ ಕಾನೂನಿನಡಿ ಚುನಾಯಿತವಾಗುವ ಬ್ಯಾಂಡ್ ಕೌನ್ಸಿಲ್ (ಬ್ಯಾಂಡ್ ಎಂದರೆ ಆ ಕಾನೂನು ಗುರುತಿಸುವ ಸಮುದಾಯ ಘಟಕ) ಒಂದು ಕಡೆ, ವಂಶಪಾರಂಪರ್ಯ ಮುಖ್ಯಸ್ಥರು ಇನ್ನೊಂದು ಕಡೆ. ಕೆಲವೆಡೆ ಇಬ್ಬರೂ ಒಂದೇ ದಾರಿ, ಕೆಲವೆಡೆ ಎದುರು ಬದುರು. ವೆಟ್‌ಸುವೆಟನ್ ನೆಲದಲ್ಲಿ ಕೋಸ್ಟಲ್ ಗ್ಯಾಸ್‌ಲಿಂಕ್ ಕೊಳವೆ ಮಾರ್ಗಕ್ಕೆ ಚುನಾಯಿತ ಕೌನ್ಸಿಲ್‌ಗಳು ಸಹಿ ಹಾಕಿದ್ದವು, ವಂಶಪಾರಂಪರ್ಯ ಮುಖ್ಯಸ್ಥರು ಒಪ್ಪಿರಲಿಲ್ಲ. 2020ರಲ್ಲಿ ಆ ಒಡಕು ದೇಶದುದ್ದಕ್ಕೂ ರೈಲು ನಿಲ್ಲಿಸುವ ಮಟ್ಟಕ್ಕೆ ಹೋಯಿತು.

ಟಾಲ್ಟನ್ನರಲ್ಲಿ ಟಾಲ್ಟನ್ ಬ್ಯಾಂಡ್, ಇಸ್ಕುಟ್ ಬ್ಯಾಂಡ್ ಎಂದು ಎರಡಿವೆ. ಸಾಮೂಹಿಕ ಹಕ್ಕಿನ ವಿಚಾರ ಬಂದಾಗ ಮಾತಾಡುವುದು ಟಾಲ್ಟನ್ ಸೆಂಟ್ರಲ್ ಗವರ್ನಮೆಂಟ್. ಅದರ ಮಂಡಳಿಯಲ್ಲಿ ಕುಟುಂಬಗಳ ಪ್ರತಿನಿಧಿಗಳು ಕೂರುತ್ತಾರೆ. ಅವರ ಬಗ್ಗೆ ಓದುವುದಾದರೆ 1910ರ ಟಾಲ್ಟನ್ ಘೋಷಣೆಯಿಂದ ಶುರುಮಾಡಿ. ಈ ನೆಲದ ಹಕ್ಕು ನಮ್ಮದು, ಇದನ್ನು ನಮ್ಮವರು ರಕ್ತ ಕೊಟ್ಟು ಕಾಯ್ದಿದ್ದಾರೆ ಎಂದು ಅದರಲ್ಲಿ ಸ್ಪಷ್ಟವಾಗಿದೆ. ನಂತರ ಜಗಳಗಳ ಚರಿತ್ರೆ ಓದಿ. ಸ್ಟಿಕೀನ್, ಸ್ಕೀನಾ, ನಾಸ್ ಎಂಬ ಮೂರು ಸಾಲ್ಮನ್ ನದಿಗಳು ಹುಟ್ಟುವ ಕ್ಲಪ್ಪನ್ ಪ್ರದೇಶದಲ್ಲಿ ಕಲ್ಲಿದ್ದಲ ಪದರದ ಅನಿಲ ತೆಗೆಯಲು ಹೊರಟ ಶೆಲ್ ಕಂಪನಿ, ಹಿರಿಯರ ರಸ್ತೆ ತಡೆಗಳ ನಂತರ 2012ರಲ್ಲಿ ಹಿಂದೆ ಸರಿಯಿತು. ಯಾವ ಕಣಿವೆಯಲ್ಲಿ ಏನು ನಡೆದಿತ್ತು ಎಂದು ಗೊತ್ತಿಲ್ಲದೆ ಸಭೆಗೆ ಹೋದರೆ ಮೊದಲ ಹತ್ತು ನಿಮಿಷದಲ್ಲೇ ಬಣ್ಣ ಬಯಲಾಗುತ್ತದೆ.

ಹಂತ 2: ಮೊದಲ ಪತ್ರ, ಮೊದಲ ಭೇಟಿ

ಪತ್ರ ಒಂದೂವರೆ ಪುಟ ಮೀರದಿರಲಿ. ನೀವು ಯಾರು, ದುಡ್ಡು ಯಾರದು, ನಕ್ಷೆಯಲ್ಲಿ ಯಾವ ಜಾಗ, ಈ ವರ್ಷ ಏನು ಮಾಡುವ ಯೋಚನೆ, ಯಾವುದನ್ನು ಇನ್ನೂ ತೀರ್ಮಾನಿಸಿಲ್ಲ. ಕೊನೆಯದು ಮುಖ್ಯ. ಎಲ್ಲವನ್ನೂ ತೀರ್ಮಾನಿಸಿ ಬಂದು ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದರೆ ಅದು ಸಮಾಲೋಚನೆಯಲ್ಲ, ಸೂಚನೆ. ಜೊತೆಗೆ ನಕ್ಷೆಯ ಡಿಜಿಟಲ್ ಫೈಲ್ ಕಳಿಸಿ. ಪಿಡಿಎಫ್ ಕಳಿಸಿದರೆ ಅಲ್ಲಿನ ಸಿಬ್ಬಂದಿ ಅದನ್ನು ಮತ್ತೆ ಕೈಯಲ್ಲಿ ಗೀಚಬೇಕಾಗುತ್ತದೆ.

ಆ ಸಿಬ್ಬಂದಿಯ ಸ್ಥಿತಿ ಅರ್ಥ ಮಾಡಿಕೊಳ್ಳಿ. ಮರ ಕಡಿಯುವವರು, ರಸ್ತೆ ಹಾಕುವವರು, ವಿದ್ಯುತ್ ಯೋಜನೆಯವರು, ಬೇಟೆ ಪ್ರವಾಸದವರು, ಹತ್ತಾರು ಗಣಿ ಕಂಪನಿಗಳು, ಎಲ್ಲರ ಕಡತವೂ ಸಮುದಾಯದ ಭೂ ಕಚೇರಿಯ ಇಬ್ಬರು ಮೂವರ ಮೇಜಿಗೆ ಬಂದು ಬೀಳುತ್ತದೆ. ಇವನ್ನು ‘ರೆಫರಲ್’ ಎನ್ನುತ್ತಾರೆ. ನಿಮ್ಮ ಕಡತ ಓದಲು ಅವರಿಗೆ ಜೀವಶಾಸ್ತ್ರಜ್ಞ ಬೇಕು, ನೀರಿನ ತಜ್ಞ ಬೇಕು, ವಕೀಲ ಬೇಕು. ಅದರ ಖರ್ಚನ್ನು ಕಂಪನಿ ಭರಿಸುವುದು ಈಗ ಸಾಮಾನ್ಯ ರೂಢಿ, ಭರಿಸಲೇಬೇಕು ಕೂಡ. ಪರಿಶೀಲನೆಯ ಖರ್ಚು ಕೊಟ್ಟ ಮಾತ್ರಕ್ಕೆ ಒಪ್ಪಿಗೆ ಸಿಗುತ್ತದೆ ಎಂದು ತಿಳಿಯಬೇಡಿ. ಇದು ಎರಡೂ ಕಡೆ ಬರಹದಲ್ಲಿ ಇರಲಿ.

ಸಭೆಗೆ ಕಂಪನಿಯ ಮುಖ್ಯಸ್ಥರೇ ಹೋಗಬೇಕು. ಸಮುದಾಯ ಸಂಪರ್ಕಾಧಿಕಾರಿ ಎಂಬ ಹುದ್ದೆ ಸೃಷ್ಟಿಸಿ ಅವರೊಬ್ಬರನ್ನೇ ಕಳಿಸುವುದು ಕೆಟ್ಟ ಅಭ್ಯಾಸ. ತೀರ್ಮಾನ ತೆಗೆದುಕೊಳ್ಳಲಾಗದವರ ಜೊತೆ ಯಾಕೆ ಮಾತಾಡಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಭೂವಿಜ್ಞಾನಿ ಜೊತೆಗಿರಲಿ. ಪ್ರಶ್ನೆಗಳು ಗ್ರೇಡಿನ (ಅದಿರಿನಲ್ಲಿರುವ ಲೋಹದ ಪ್ರಮಾಣದ) ಬಗ್ಗೆ ಬರುವುದು ಕಡಿಮೆ. ನೀರು ಎಲ್ಲಿಂದ ಎತ್ತುತ್ತೀರಿ, ಹೆಲಿಕಾಪ್ಟರ್ ಯಾವ ಕಣಿವೆ ಮೇಲೆ ಹಾರುತ್ತದೆ, ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಯ ಕಾಲದಲ್ಲಿ ಎಲ್ಲಿರುತ್ತೀರಿ, ಹೋಗುವಾಗ ಡ್ರಮ್ಮುಗಳನ್ನು ಯಾರು ಒಯ್ಯುತ್ತಾರೆ, ಇಂಥವೇ ಹೆಚ್ಚು.

ಆ ಸಭೆಯಲ್ಲಿ ಹೇಳಬಾರದ ಮಾತೊಂದಿದೆ: ‘ಇಲ್ಲಿ ಗಣಿ ಬಂದರೆ ಇಷ್ಟು ಜನಕ್ಕೆ ಕೆಲಸ’. ಮಣ್ಣಿನ ಮಾದರಿಯನ್ನೇ ಇನ್ನೂ ತೆಗೆಯದವರು ಈ ಮಾತಾಡುವುದು ಸುಳ್ಳಿಗೆ ಸಮ. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜಾಗಗಳಲ್ಲಿ ಏನೂ ಆಗುವುದಿಲ್ಲ ಎಂದು ನೀವೇ ಮೊದಲು ಹೇಳಿಬಿಡಿ. ಮುಂದಿನ ಮಾತುಕತೆ ಅದರಿಂದ ಹಗುರಾಗುತ್ತದೆ.

ಹಂತ 3: ಮುಟ್ಟಬಾರದ ಜಾಗಗಳನ್ನು ಜೊತೆ ಕೂತು ಗುರುತಿಸಿ

ಸರ್ಕಾರಿ ದತ್ತಾಂಶದಲ್ಲಿ ಹಳೆಯ ಅನ್ವೇಷಣಾ ವರದಿಗಳು ಸಾವಿರಗಟ್ಟಲೆ ಉಚಿತವಾಗಿ ಸಿಗುತ್ತವೆ. ಹೊಳೆಮರಳಿನ ರಾಸಾಯನಿಕ ಫಲಿತಾಂಶ, ಹಳೆಯ ಕೊರೆತದ ಲಾಗ್, ಕಾಂತೀಯ ನಕ್ಷೆ, ಇವನ್ನೆಲ್ಲ ಚಳಿಗಾಲದಲ್ಲಿ ಕಚೇರಿಯಲ್ಲೇ ಜೋಡಿಸಿ. ನೀವು ಆಸಕ್ತಿಯ ಜಾಗಗಳ ಪದರ ತಯಾರಿಸುವಾಗಲೇ ಸಮುದಾಯದವರು ತಮ್ಮ ಪದರ ತರಲಿ. ಎರಡನ್ನೂ ಒಟ್ಟಿಗಿಟ್ಟು ನೋಡುವುದು ಈ ಹಂತ.

ಅವರ ಪದರದಲ್ಲಿ ಏನಿರಬಹುದು? ಮೌಂಟ್ ಎಡ್ಜೀಜಾ ಜ್ವಾಲಾಮುಖಿಯ ಸುತ್ತಲ ಅಬ್ಸಿಡಿಯನ್ ಎಂಬ ಗಾಜಿನಂಥ ಕಲ್ಲನ್ನು ಟಾಲ್ಟನ್ನರ ಪೂರ್ವಜರು ಸಾವಿರಾರು ವರ್ಷ ಆಯುಧಕ್ಕೆ ಬಳಸಿದ್ದಾರೆ, ಅಲಾಸ್ಕದವರೆಗೂ ವ್ಯಾಪಾರ ಮಾಡಿದ್ದಾರೆ. ಆ ಕಲ್ಲಿನ ಚಕ್ಕೆಗಳು ನಿಮ್ಮ ಮಣ್ಣು ಮಾದರಿಯ ಸಾಲಿನಲ್ಲೇ ಸಿಗಬಹುದು. 1846ಕ್ಕಿಂತ ಹಿಂದಿನ ಪುರಾತತ್ವ ನೆಲೆಗಳಿಗೆ ಪ್ರಾಂತ್ಯದ ಕಾನೂನಿನ ರಕ್ಷಣೆ ಇದೆ, ಅವು ದಾಖಲಾಗಿರಲಿ ಬಿಡಲಿ. ಜೊತೆಗೆ ಕಾಡುಮೇಕೆಗಳು ಮರಿ ಹಾಕುವ ಬಂಡೆ, ಸಾಲ್ಮನ್ ಮೊಟ್ಟೆಯಿಡುವ ಹೊಳೆ, ಸಮಾಧಿಗಳು, ಬೇಸಿಗೆಯ ಮೀನು ಬಿಡಾರಗಳು, ಬೆರ್ರಿ ಕೊಯ್ಯುವ ಇಳಿಜಾರು.

ಈ ಮಾಹಿತಿ ಅವರದು. ಹಾಗೆ ನೋಡಿದರೆ ಅದನ್ನು ನಿಮ್ಮ ಸರ್ವರ್‌ಗೆ ಇಳಿಸಿಕೊಳ್ಳದಿರುವುದೇ ಒಳ್ಳೆಯದು. ಮೂಲನಿವಾಸಿಗಳ ದತ್ತಾಂಶದ ಒಡೆತನ, ನಿಯಂತ್ರಣ, ಪ್ರವೇಶ, ಸ್ವಾಧೀನ ಅವರಲ್ಲೇ ಇರಬೇಕೆಂಬ ತತ್ವ ಕೆನಡಾದಲ್ಲಿ 1990ರ ದಶಕದ ಕೊನೆಯಿಂದ ಬೇರೂರಿದೆ. ಪ್ರಾಯೋಗಿಕವಾಗಿ ಹೀಗೆ ಮಾಡಿ: ‘ಈ ಬಹುಭುಜದೊಳಗೆ ಹೋಗಬೇಡಿ’ ಎಂಬ ಗಡಿ ಮಾತ್ರ ಪಡೆಯಿರಿ, ಒಳಗೆ ಏನಿದೆ ಎಂದು ಕೇಳಬೇಡಿ. ಸಾರ್ವಜನಿಕವಾಗುವ ವರದಿಗಳಲ್ಲಿ ಅದನ್ನು ಎಂದೂ ಅಚ್ಚು ಹಾಕಬೇಡಿ.

ಕೆಲವೊಮ್ಮೆ ಅದಿರೂ ಮುಟ್ಟಬಾರದ ಜಾಗವೂ ಒಂದೇ ಆಗಿಬಿಡುತ್ತವೆ. ಸ್ಪೆಕ್ಟ್ರಂ ಎಂಬಲ್ಲಿ ಸ್ಕೀನಾ ರಿಸೋರ್ಸಸ್ ಕಂಪನಿಯ ಕೈಯಲ್ಲಿ ಚಿನ್ನ-ತಾಮ್ರದ ನಿಕ್ಷೇಪವೇ ಇತ್ತು. ಕಂಪನಿ ಆ ಹಕ್ಕು ಬಿಟ್ಟುಕೊಟ್ಟಿತು. 2021ರಲ್ಲಿ ಎಡ್ಜೀಜಾ ಉದ್ಯಾನದ ಪಕ್ಕದ ಸುಮಾರು 3,500 ಹೆಕ್ಟೇರ್ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಟಾಲ್ಟನ್ನರ ಹೂಡಿಕೆ ಸಂಸ್ಥೆ ಅದೇ ಕಂಪನಿಯ ಎಸ್ಕೇ ಕ್ರೀಕ್ ಯೋಜನೆಗೆ 50 ಲಕ್ಷ ಡಾಲರ್ ಹಾಕಿತು. ಎರಡು ಘಟನೆಗೂ ಸಂಬಂಧ ಇಲ್ಲ ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಒಂದು ಕಡೆ ಕೈಬಿಟ್ಟವರನ್ನು ಇನ್ನೊಂದು ಕಡೆ ನಂಬಿದರು ಎಂದೇ ನನ್ನ ಓದು.

ಇದರ ಎದುರು ನಿಲ್ಲುವ ಉದಾಹರಣೆ ದಕ್ಷಿಣದ ನ್ಯೂ ಪ್ರಾಸ್ಪೆರಿಟಿ. ತ್ಸಿಲ್‌ಕೋಟಿನ್ ಜನರಿಗೆ ಪವಿತ್ರವಾದ ತೆಜ್‌ತಾನ್ ಬಿನಿ ಕೆರೆಯ ಪಕ್ಕ ದೊಡ್ಡ ಚಿನ್ನ-ತಾಮ್ರ ನಿಕ್ಷೇಪ. ಟಸೇಕೋ ಕಂಪನಿ ದಶಕಗಟ್ಟಲೆ ಪಟ್ಟು ಹಿಡಿಯಿತು. 2010ರಲ್ಲೂ 2014ರಲ್ಲೂ ಒಟ್ಟಾವದ ಕೇಂದ್ರ ಸರ್ಕಾರ ಯೋಜನೆ ತಿರಸ್ಕರಿಸಿತು, ಬರೀ ಪರೀಕ್ಷಾ ಕೊರೆತದ ಪರವಾನಗಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 2025ರ ಜೂನ್‌ನಲ್ಲಿ ರಾಜಿಯಾಯಿತು: ಪ್ರಾಂತ್ಯ ಕಂಪನಿಗೆ 7.5 ಕೋಟಿ ಡಾಲರ್ ಕೊಡುವುದು, ಯೋಜನೆಯ ಶೇ. 22.5 ಪಾಲು ತ್ಸಿಲ್‌ಕೋಟಿನ್ನರಿಗಾಗಿ ಟ್ರಸ್ಟಿಗೆ ಹೋಗುವುದು, ಅವರ ಒಪ್ಪಿಗೆ ಇಲ್ಲದೆ ಗಣಿ ಇಲ್ಲ. ಈ ರಾಜಿ ಮೊದಲ ಕೊರೆತಕ್ಕೂ ಮುಂಚೆ ಆಗಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಅದರ ಷೇರುದಾರರೇ ಹೇಳಬೇಕು.

ಹಂತ 4: ಅನ್ವೇಷಣಾ ಒಪ್ಪಂದ

ಇಲ್ಲಿ ಅವಸರ ಬೇಡ. ಗಣಿ ಹಂತದ ಲಾಭ ಹಂಚಿಕೆ ಒಪ್ಪಂದ ಬೇರೆ, ಅನ್ವೇಷಣಾ ಹಂತದ ಒಪ್ಪಂದ ಬೇರೆ. ಮೊದಲನೆಯದರ ಮಾತನ್ನು ಎರಡನೆಯದರಲ್ಲಿ ತುರುಕಿ, ‘ಮುಂದೆ ದೊಡ್ಡ ಪಾಲು ಕೊಡುತ್ತೇವೆ’ ಎಂದು ಈಗ ಏನನ್ನೂ ಕೊಡದಿರುವುದು ಹಳೆಯ ಚಾಳಿ. ಗ್ಯಾಲೋರ್ ಕ್ರೀಕ್ ನೋಡಿ. 1955ರಲ್ಲೇ ಪತ್ತೆಯಾದ ತಾಮ್ರ-ಚಿನ್ನ; 2006ರಲ್ಲಿ ನೋವಾಗೋಲ್ಡ್ ಕಂಪನಿ ಟಾಲ್ಟನ್ನರ ಜೊತೆ ವಿಸ್ತಾರವಾದ ಪಾಲುದಾರಿಕೆ ಒಪ್ಪಂದ ಮಾಡಿಕೊಂಡಿತು; 2007ರ ನವೆಂಬರ್‌ನಲ್ಲಿ ಖರ್ಚು ಕೈಮೀರಿತೆಂದು ನಿರ್ಮಾಣವೇ ನಿಂತಿತು. ಗಣಿ ಬಂದರೆ ಮಾತ್ರ ಹಣ ಎಂಬ ಷರತ್ತುಗಳು ಇಂಥ ದಿನ ಬರೀ ಕಾಗದ.

ಆದ್ದರಿಂದ ಹಣವನ್ನು ಖರ್ಚಿಗೆ ಕಟ್ಟಿಹಾಕಿ, ಫಲಿತಾಂಶಕ್ಕಲ್ಲ. ಆ ವರ್ಷ ಅನ್ವೇಷಣೆಗೆ ಕಂಪನಿ ಮಾಡುವ ವೆಚ್ಚದ ಒಂದು ನಿಶ್ಚಿತ ಶೇಕಡಾವಾರು ಸಮುದಾಯಕ್ಕೆ ಹೋಗಲಿ, ಕೊರೆತದಲ್ಲಿ ಏನೇ ಬರಲಿ. ಷೇರು ಅಥವಾ ವಾರಂಟ್ (ಮೊದಲೇ ನಿಗದಿಯಾದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು) ಕೊಡುವುದಾದರೆ ಇದರ ಮೇಲೆ ಕೊಡಿ, ಇದರ ಬದಲಿಗೆ ಬೇಡ. ಸಣ್ಣ ಕಂಪನಿಯ ಷೇರು ಒಂದು ಕೆಟ್ಟ ಬೇಸಿಗೆಯಲ್ಲಿ ಮುಕ್ಕಾಲು ಭಾಗ ಕರಗುವುದನ್ನು ಈ ಪೇಟೆಯಲ್ಲಿರುವ ಎಲ್ಲರೂ ನೋಡಿದ್ದೇವೆ. ಮಾರಲಾಗದ ಅವಧಿಯ ಷರತ್ತಿನ ಜೊತೆ ಅದನ್ನೇ ಸಂಬಳದಂತೆ ಕೊಡುವುದು ಮೋಸವಲ್ಲದಿದ್ದರೂ ಮರ್ಯಾದೆಯಲ್ಲ.

ಕೆಲಸ ಮತ್ತು ಗುತ್ತಿಗೆಯ ಮಾತು ಮುಂದಿನದು. ‘ಸ್ಥಳೀಯರಿಗೆ ಆದ್ಯತೆ’ ಎಂಬ ಸಾಲು ಬರೆದು ಸುಮ್ಮನಾಗಬೇಡಿ. ಕ್ಯಾಂಪ್ ಅಡುಗೆ, ಸಾಗಣೆ, ರಸ್ತೆ, ಕೋರ್ (ಕೊರೆತದಲ್ಲಿ ಹೊರಬರುವ ಕಲ್ಲಿನ ಕಂಬ) ಕತ್ತರಿಸುವುದು, ವನ್ಯಜೀವಿ ವೀಕ್ಷಕರು, ಪ್ರಥಮ ಚಿಕಿತ್ಸೆ, ಪ್ರತಿಯೊಂದಕ್ಕೂ ಯಾರು, ಎಷ್ಟು ದಿನ ಮುಂಚೆ ತಿಳಿಸಬೇಕು, ತರಬೇತಿ ಯಾರ ಖರ್ಚು ಎಂದು ಬರೆಯಿರಿ. ಟಾಲ್ಟನ್ನರಿಗೆ ತಮ್ಮದೇ ಅಭಿವೃದ್ಧಿ ನಿಗಮ ಇದೆ, 1985ರಿಂದ ರಸ್ತೆ, ಕ್ಯಾಂಪ್, ಭಾರಿ ಯಂತ್ರಗಳ ಗುತ್ತಿಗೆ ಮಾಡುತ್ತ ಬಂದಿದೆ. ಈ ವ್ಯವಹಾರದಲ್ಲಿ ಅವರ ಅನುಭವ ನಿಮ್ಮ ಕಂಪನಿಯ ವಯಸ್ಸಿಗಿಂತ ಹೆಚ್ಚಿರುತ್ತದೆ, ಪಾಠ ಹೇಳಲು ಹೋಗಬೇಡಿ. ಪ್ರಥಮ ಚಿಕಿತ್ಸೆ, ಕೋರ್ ತಾಂತ್ರಿಕ ತರಬೇತಿಯಂಥ ಪ್ರಮಾಣಪತ್ರಗಳನ್ನು ಕೊಡಿಸಿ. ನೀವು ಗಂಟುಮೂಟೆ ಕಟ್ಟಿದ ಮೇಲೂ ಅವು ಪಕ್ಕದ ಕಂಪನಿಯಲ್ಲಿ ಅನ್ನ ಕೊಡುತ್ತವೆ.

ಇನ್ನು ಎಲ್ಲರೂ ಮರೆಯುವ ಷರತ್ತು, ಒಡೆತನ ಬದಲಾದರೆ ಏನು ಎಂಬುದು. ರೆಡ್ ಕ್ರಿಸ್ ಮೊದಲು ಬಿಸಿಮೆಟಲ್ಸ್ ಕೈಯಲ್ಲಿತ್ತು. 2007ರಲ್ಲಿ ಇಂಪೀರಿಯಲ್ ಮೆಟಲ್ಸ್ ಕೊಂಡಿತು. 2019ರಲ್ಲಿ ಶೇ. 70 ಪಾಲು ನ್ಯೂಕ್ರೆಸ್ಟ್‌ಗೆ ಹೋಯಿತು. 2023ರಲ್ಲಿ ನ್ಯೂಕ್ರೆಸ್ಟನ್ನೇ ನ್ಯೂಮಾಂಟ್ ನುಂಗಿತು. ಸಣ್ಣ ಕಂಪನಿಯ ವ್ಯಾಪಾರವೇ ಹುಡುಕಿ ಮಾರುವುದು. ಹಾಗಿರುವಾಗ ಕ್ಲೇಮ್ ಕೊಳ್ಳುವವರು ಈ ಒಪ್ಪಂದಕ್ಕೆ ಬದ್ಧರೆಂದು ಸಹಿ ಹಾಕದ ಹೊರತು ಮಾರಾಟ ನಡೆಯಬಾರದು ಎಂಬ ವಾಕ್ಯ ಇರಲೇಬೇಕು. ನಿಮ್ಮ ವಕೀಲರು ಇದನ್ನು ಸಡಿಲಿಸಲು ನೋಡುತ್ತಾರೆ. ಒಪ್ಪಬೇಡಿ, ಕೊಳ್ಳಲು ಬರುವ ದೊಡ್ಡ ಕಂಪನಿ ಮೊದಲು ಕೇಳುವ ಕಾಗದವೇ ಇದು.

ಜಗಳ ಬಂದರೆ ಯಾರು ಬಿಡಿಸಬೇಕು, ಯಾವ ಸಂದರ್ಭದಲ್ಲಿ ಸಮುದಾಯ ಕೆಲಸ ನಿಲ್ಲಿಸಿ ಎನ್ನಬಹುದು, ಒಪ್ಪಂದ ಎಷ್ಟು ವರ್ಷ, ಇವನ್ನೂ ಬರೆಯಿರಿ. ಈ ಒಪ್ಪಂದ ಗಣಿಗೆ ಕೊಟ್ಟ ಒಪ್ಪಿಗೆಯಲ್ಲ ಎಂಬ ಸಾಲನ್ನು ಮೊದಲ ಪುಟದಲ್ಲೇ ಹಾಕಿ.

ಹಂತ 5: ಪರವಾನಗಿ

ಕೈಯಲ್ಲಿ ಸುತ್ತಿಗೆ ಹಿಡಿದು ಕಲ್ಲು, ಮಣ್ಣಿನ ಮಾದರಿ ತೆಗೆಯುವುದಕ್ಕೆ ಕ್ಲೇಮ್ ಸಾಕು. ಯಂತ್ರದಿಂದ ನೆಲ ಕೆದಕುವ ಯಾವ ಕೆಲಸಕ್ಕೂ ಗಣಿ ಕಾಯ್ದೆಯ ಪರವಾನಗಿ ಬೇಕು. ಇದಕ್ಕೆ ‘ನೋಟಿಸ್ ಆಫ್ ವರ್ಕ್’ ಎಂಬ ಅರ್ಜಿ. ಐದು ವರ್ಷದವರೆಗಿನ ಬಹುವಾರ್ಷಿಕ ಪರವಾನಗಿ ಸಿಗುತ್ತದೆ. ಹಾಗಂತ ಐದು ವರ್ಷ ಸಮುದಾಯಕ್ಕೆ ಮುಖ ತೋರಿಸದೆ ಇರಬಹುದು ಎಂದಲ್ಲ. ಪ್ರತಿ ವರ್ಷದ ಡ್ರಿಲ್ ಜಾಗಗಳ ಪಟ್ಟಿಯನ್ನು ಹಿಮ ಕರಗುವ ಮೊದಲೇ ಕಳಿಸಿ. ನೆಲ ಸರಿಪಡಿಸುವ ಖರ್ಚಿಗೆ ಸರ್ಕಾರ ಠೇವಣಿ ಕೇಳುತ್ತದೆ.

ಸಮಾಲೋಚನೆಯ ಹೊಣೆ ಸರ್ಕಾರದ್ದು, ಕಂಪನಿಯದಲ್ಲ ಎಂದು ಕೆನಡಾದ ಸುಪ್ರೀಂ ಕೋರ್ಟ್ 2004ರ ಹೈಡಾ ತೀರ್ಪಿನಲ್ಲಿ ಹೇಳಿದೆ. ಕೆಲವು ವಿಧಿವಿಧಾನಗಳನ್ನಷ್ಟೇ ಕಂಪನಿಗೆ ವಹಿಸಬಹುದು. ಆದರೆ ಸರ್ಕಾರ ಆ ಕೆಲಸ ನೆಟ್ಟಗೆ ಮಾಡದಿದ್ದರೆ ರದ್ದಾಗುವುದು ನಿಮ್ಮ ಪರವಾನಗಿ. ಅದಕ್ಕಾಗಿ ಪ್ರತಿ ಫೋನು, ಭೇಟಿ, ಪತ್ರ, ಅವರು ಕೇಳಿದ್ದು, ನೀವು ಬದಲಿಸಿದ್ದು, ಎಲ್ಲವನ್ನೂ ತಾರೀಕು ಸಮೇತ ಬರೆದಿಡಿ. ‘ಬದಲಿಸಿದ್ದು’ ಎಂಬ ಕಾಲಂ ಖಾಲಿ ಇದ್ದರೆ ಉಳಿದ ಕಾಲಂಗಳಿಗೆ ಬೆಲೆ ಕಮ್ಮಿ.

ವಿಶ್ವಸಂಸ್ಥೆಯ 2007ರ ಮೂಲನಿವಾಸಿ ಹಕ್ಕುಗಳ ಘೋಷಣೆಯನ್ನು ಬ್ರಿಟಿಷ್ ಕೊಲಂಬಿಯಾ 2019ರಲ್ಲಿ ಕಾನೂನಾಗಿ ತಂದುಕೊಂಡಿತು. ಅದರ ಏಳನೇ ಸೆಕ್ಷನ್ ಅಡಿ, ಎಸ್ಕೇ ಕ್ರೀಕ್ ಮರುಗಣಿಗಾರಿಕೆಗೆ ಟಾಲ್ಟನ್ನರ ಒಪ್ಪಿಗೆ ಕಡ್ಡಾಯ ಎಂಬ ಒಪ್ಪಂದಕ್ಕೆ 2022ರಲ್ಲಿ ಪ್ರಾಂತ್ಯವೂ ಟಾಲ್ಟನ್ ಸರ್ಕಾರವೂ ಸಹಿ ಹಾಕಿದವು.

ಊರಲ್ಲಿ ಕೂತು ಇದನ್ನು ಓದುವವರಿಗೆ ಒಡಿಶಾದ ನಿಯಮಗಿರಿ ನೆನಪಾಗಬಹುದು. 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಸೇರಿದ ಹನ್ನೆರಡು ಗ್ರಾಮಸಭೆಗಳೂ ಬಾಕ್ಸೈಟ್ ಗಣಿ ಬೇಡ ಎಂದವು. ಅಲ್ಲಿ ನೆರವಿಗೆ ಬಂದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಪರಿಚ್ಛೇದದ ಬುಡಕಟ್ಟು ಪ್ರದೇಶಗಳಿಲ್ಲದಿದ್ದರೂ ಆ ಕಾಯ್ದೆ ನಮಗೂ ಇದೆ. ನಮ್ಮ ಗಣಿ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯಿಂದ ಚಿನ್ನ, ತಾಮ್ರ ಸೇರಿ 29 ಖನಿಜಗಳ ಅನ್ವೇಷಣೆಗೆ ಖಾಸಗಿಯವರಿಗೆ ಹರಾಜಿನಲ್ಲಿ ಪರವಾನಗಿ ಸಿಗುವ ದಾರಿ ತೆರೆದಿದೆ. ಹರಾಜು ಮುಗಿದ ಮೇಲೆ ಊರಿನವರ ಹತ್ತಿರ ಹೋಗುವುದೋ, ಮೊದಲೋ ಎಂಬ ಪ್ರಶ್ನೆ ನಮ್ಮಲ್ಲೂ ಬಂದೇ ಬರುತ್ತದೆ.

ಹಂತ 6: ಕಣದಲ್ಲಿ

ಕೆಲಸದ ಕಾಲ ಜೂನ್‌ನಿಂದ ಸೆಪ್ಟೆಂಬರ್. ಮೊದಲು ನಡೆದು ನೋಡುವುದು, ಆಮೇಲೆ ಮಣ್ಣಿನ ಮಾದರಿ, ಆಮೇಲೆ ಐಪಿ ಸರ್ವೆ, ಕೊನೆಗೆ ಡ್ರಿಲ್. ಪಾರ್ಫಿರಿಯಲ್ಲಿ ತಾಮ್ರ ಶೇ. 0.3 ಅಥವಾ 0.5, ಚಿನ್ನ ಟನ್ನಿಗೆ ಒಂದು ಗ್ರಾಂಗೂ ಕಮ್ಮಿ. ಲಾಭ ಬರುವುದು ಗಾತ್ರದಿಂದ. ಅಂದರೆ ಗಣಿಯಾದರೆ ಗುಡ್ಡವೇ ಹೋಗುತ್ತದೆ. ಈ ಮಾತನ್ನು ಸಮುದಾಯದಿಂದ ಮುಚ್ಚಿಡಬೇಡಿ.

ಕಾಡುಮೇಕೆಗಳಿರುವ ಬಂಡೆಗಳಿಂದ ಹೆಲಿಕಾಪ್ಟರ್ 1,500 ಮೀಟರ್ ದೂರ ಇರಲಿ ಎಂಬುದು ಪ್ರಾಂತ್ಯದ ಮಾರ್ಗಸೂಚಿ. ಪೈಲಟ್‌ನ ಜಿಪಿಎಸ್‌ಗೆ ಆ ಗಡಿ ತುಂಬಿ, ಹಾರಿದ ಜಾಡನ್ನು ವಾರಕ್ಕೊಮ್ಮೆ ಭೂ ಕಚೇರಿಗೆ ಕಳಿಸಿ. ಯಾರೂ ಕೇಳದಿದ್ದರೂ ಕಳಿಸಿ.

ಡ್ರಿಲ್ ಜಾಗವನ್ನು ಹತ್ತಿರದಿಂದ ನೋಡೋಣ. ಮರದ ದಿಮ್ಮಿಗಳ ಅಟ್ಟದ ಮೇಲೆ ಯಂತ್ರ. ಕೆಳಗಿನ ಹೊಳೆಯಲ್ಲಿ ಒಂದು ಪಂಪ್. ಅದರ ಬಾಯಿಗೆ ಮೀನುಮರಿ ಹೋಗದಷ್ಟು ಸಣ್ಣ ಜಾಲರಿ, ಅಡಿಯಲ್ಲಿ ಡೀಸೆಲ್ ಹನಿ ಹಿಡಿಯುವ ತಟ್ಟೆ. ಆ ತಟ್ಟೆಯಲ್ಲಿ ಮಳೆನೀರು ತುಂಬಿ ಎಣ್ಣೆ ತೇಲಿಸಿ ಹೊಳೆಗೆ ಚೆಲ್ಲುವುದು ಅತಿ ಸಾಮಾನ್ಯ ತಪ್ಪು; ಹೊಳೆದಂಡೆಗೆ ಬರುವ ವೀಕ್ಷಕರು ಬಗ್ಗಿ ನೋಡುವುದೇ ಅದನ್ನು. ಕೊಳವೆಯಿಂದ ಬೂದು ಬಣ್ಣದ ಕೆಸರುನೀರು ಹೊರಬರುತ್ತದೆ. ಹೊಳೆಯಿಂದ ದೂರದ ಗುಂಡಿಯಲ್ಲಿ ಅದು ತಂಗಬೇಕು. ಹೊಳೆಯ ಮೇಲ್ಭಾಗ, ಕೆಳಭಾಗ ಎರಡೂ ಕಡೆ ಡ್ರಿಲ್ ಬರುವ ಮುನ್ನವೇ ನೀರಿನ ಮಾದರಿ ತೆಗೆದಿಡಿ, ಸಮುದಾಯದವರ ಎದುರಿಗೇ, ಅವರು ಆರಿಸಿದ ಪ್ರಯೋಗಾಲಯಕ್ಕೆ.

ಕೊಳವೆಯೊಳಗಿಂದ ಬರುವ ಕೋರ್ ಎನ್‌ಕ್ಯು ಎಂಬ ಸಾಮಾನ್ಯ ಅಳತೆಯಲ್ಲಾದರೆ 47.6 ಮಿಲಿಮೀಟರ್ ದಪ್ಪ. ಪೆಟ್ಟಿಗೆಗಳಲ್ಲಿ ಜೋಡಿಸಿ, ಫೋಟೋ ತೆಗೆದು, ಉದ್ದಕ್ಕೆ ಸೀಳಿ, ಅರ್ಧ ಪ್ರಯೋಗಾಲಯಕ್ಕೆ, ಅರ್ಧ ಪೆಟ್ಟಿಗೆಯಲ್ಲೇ. ಸುಮಾರು ಇಪ್ಪತ್ತಕ್ಕೊಂದರಂತೆ ಗೊತ್ತಿರುವ ಮೌಲ್ಯದ ಮಾದರಿ, ಏನೂ ಇಲ್ಲದ ಮಾದರಿ ನಡುವೆ ಸೇರಿಸುವುದು ವಾಡಿಕೆ. ವರ್ಷಕ್ಕೊಮ್ಮೆ ಕೋರ್ ಶೆಡ್ ಬಾಗಿಲು ಊರಿಗೆ ತೆರೆಯಿರಿ. ಹಿತ್ತಾಳೆ ಬಣ್ಣದ ಚಾಲ್ಕೋಪೈರೈಟ್ ತಾಮ್ರದ ಅದಿರು, ಪಕ್ಕದ ತಿಳಿ ಹಳದಿಯದು ಪೈರೈಟ್, ಗಾಳಿ ನೀರಿಗೆ ಬಿದ್ದರೆ ಆಮ್ಲ ಬಿಡುವುದು ಇದೇ ಎಂದು ಕೈಗೆ ಕೊಟ್ಟು ತೋರಿಸಿ. ಟುಲ್‌ಸೆಕ್ವಾ ಚೀಫ್ ಗಣಿ 1957ರಲ್ಲಿ ಮುಚ್ಚಿತು. ಮುಚ್ಚಿ ದಶಕಗಳೇ ಕಳೆದರೂ ಅದರ ಆಮ್ಲನೀರು ಟಾಕು ನದಿಯ ಜಾಲಕ್ಕೆ ಹರಿಯುತ್ತಲೇ ಬಂತು. ಈ ಕಥೆ ಅಲ್ಲಿನವರಿಗೆ ನಿಮಗಿಂತ ಚೆನ್ನಾಗಿ ಗೊತ್ತು, ನೀವು ಮರೆಮಾಚಿದರೆ ನಗುತ್ತಾರೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳ ಬುಡದಲ್ಲಿ ಬೆಳೆದವರಿಗೂ ಇದನ್ನು ವಿವರಿಸಬೇಕಿಲ್ಲ.

ಹಂತ 7: ಫಲಿತಾಂಶ ಬಂದಾಗ

ಕೊರೆತದ ಫಲಿತಾಂಶ ಷೇರು ಬೆಲೆಯನ್ನು ಒಂದೇ ಬೆಳಿಗ್ಗೆ ಮೇಲೆ ಕೆಳಗೆ ಮಾಡುತ್ತದೆ. ಊರಿನವರು ತಮ್ಮ ನೆಲದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ತಿಳಿಯುವುದು ಅವಮಾನ. ಹಾಗೆಂದು ಪ್ರಕಟಣೆಗೆ ಮೊದಲೇ ಒಬ್ಬರ ಕಿವಿಗೆ ಹಾಕಿದರೆ ಅದು ಷೇರು ಕಾನೂನಿಗೆ ವಿರುದ್ಧವಾಗಬಹುದು. ಬಿಡಿಸುವ ದಾರಿಯನ್ನು ಒಪ್ಪಂದದಲ್ಲೇ ಬರೆದಿಡಿ: ಗೋಪ್ಯತೆಗೆ ಸಹಿ ಹಾಕಿದ, ಷೇರು ವಹಿವಾಟು ಮಾಡದ ಒಬ್ಬಿಬ್ಬರಿಗೆ ಕೆಲಸದ ಅಗತ್ಯದ ಮೇರೆಗೆ ಮುಂಚೆ ತಿಳಿಸುವುದು, ಪ್ರಕಟವಾದ ಕ್ಷಣವೇ ಎಲ್ಲರಿಗೂ ಸರಳ ಭಾಷೆಯ ಒಂದು ಪುಟ. ವಕೀಲರನ್ನು ಕೇಳಿಯೇ ಮಾಡಿ.

ಪ್ರಕಟಣೆಯಲ್ಲಿ ‘ಸಮುದಾಯದ ಸಂಪೂರ್ಣ ಬೆಂಬಲವಿದೆ’ ಎಂದು ನಿಮ್ಮಷ್ಟಕ್ಕೆ ನೀವೇ ಬರೆದುಕೊಳ್ಳಬೇಡಿ. ಅವರ ಹೆಸರಿರುವ ಪ್ರತಿ ವಾಕ್ಯವನ್ನೂ ಅವರು ನೋಡಿ ಒಪ್ಪಬೇಕು. ಅಂಕಿಗಳ ವಿಷಯದಲ್ಲಿ ಕೆನಡಾ ಕಟ್ಟುನಿಟ್ಟು. ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಬ್ರೆ-ಎಕ್ಸ್ ಕಂಪನಿಯ ಮಾದರಿಗಳಿಗೆ ಚಿನ್ನ ಬೆರೆಸಿದ್ದು 1997ರಲ್ಲಿ ಬಯಲಾದ ಮೇಲೆ, ಅರ್ಹ ತಜ್ಞರ ಸಹಿಯಿಲ್ಲದೆ ತಾಂತ್ರಿಕ ಮಾಹಿತಿ ಪ್ರಕಟಿಸುವಂತಿಲ್ಲ ಎಂಬ 43-101 ನಿಯಮ ಬಂತು. ಅದೇ ತಜ್ಞರು ಊರಿಗೂ ಬಂದು ಅದೇ ಅಂಕಿಗಳನ್ನು ವಿವರಿಸಲಿ. ಖಾಲಿ ಕೊರೆತಗಳನ್ನೂ ಹೇಳಲಿ.

ನಿಜವಾಗಿಯೂ ದೊಡ್ಡದೇನೋ ಸಿಕ್ಕರೆ ಮಾತುಕತೆ ಹೊಸದಾಗಿ ಶುರು. 2014ರ ಆಗಸ್ಟ್ 4ರಂದು ಮೌಂಟ್ ಪಾಲಿ ಗಣಿಯ ತ್ಯಾಜ್ಯ ಕಟ್ಟೆ ಒಡೆದು ಸುಮಾರು 2.5 ಕೋಟಿ ಘನ ಮೀಟರ್ ನೀರು, ಕೆಸರು ಕೆರೆ ಹೊಳೆಗಳಿಗೆ ನುಗ್ಗಿತು. ಅದರ ಒಡೆಯರಾದ ಇಂಪೀರಿಯಲ್ ಮೆಟಲ್ಸ್‌ನವರೇ ಆಗ ರೆಡ್ ಕ್ರಿಸ್ ಕಟ್ಟುತ್ತಿದ್ದರು. ಅಲ್ಲೂ ರಸ್ತೆ ತಡೆ ಬಿತ್ತು. ಟಾಲ್ಟನ್ನರು ತಮ್ಮದೇ ಎಂಜಿನಿಯರುಗಳಿಂದ ಕಟ್ಟೆಯ ವಿನ್ಯಾಸ ಪರಿಶೀಲನೆ ಮಾಡಿಸಿದರು. 2015ರಲ್ಲಿ ಲಾಭ ಹಂಚಿಕೆಯ ಜೊತೆ ಸಹನಿರ್ವಹಣೆಯನ್ನೂ ಸೇರಿಸಿದ ಒಪ್ಪಂದಕ್ಕೆ ಸದಸ್ಯರು ಮತ ಹಾಕಿ ಒಪ್ಪಿಗೆ ಕೊಟ್ಟರು. ಪ್ರಾಂತ್ಯ ತನ್ನ ಖನಿಜ ತೆರಿಗೆಯಲ್ಲಿ ಶೇ. 37.5ರವರೆಗೆ ಹೊಸ ಗಣಿಯ ನೆಲದ ಸಮುದಾಯಗಳಿಗೆ ಹಂಚುವ ಪದ್ಧತಿಯೂ ಇದೆ; ಅದು ಸರ್ಕಾರದ ಪಾಲು, ಅದನ್ನು ತೋರಿಸಿ ನಿಮ್ಮ ಪಾಲು ಇಳಿಸಬೇಡಿ.

ಹಂತ 8: ಏನೂ ಸಿಗದಿದ್ದರೆ

ಇದೇ ಹೆಚ್ಚು ಸಲ ಬಳಕೆಯಾಗುವ ಹಂತ, ಯೋಜನೆಯಲ್ಲಿ ಅತಿ ಕಡಿಮೆ ಪುಟ ಸಿಗುವುದೂ ಇದಕ್ಕೇ. ಕಂಪನಿಯ ದುಡ್ಡು ಮುಗಿದಿರುತ್ತದೆ, ಮುಖ್ಯಸ್ಥರು ಬೇರೆ ಕಂಪನಿ ಸೇರಿರುತ್ತಾರೆ. ಹಾಗಾಗಿ ಬಿಟ್ಟುಹೋಗುವ ಖರ್ಚನ್ನು ಮೊದಲ ವರ್ಷದ ಬಜೆಟ್ಟಿನಲ್ಲೇ ಎತ್ತಿಡಿ. ಸರ್ಕಾರದ ಠೇವಣಿ ಸಾಲದಿದ್ದರೆ ಸಮುದಾಯದ ಜೊತೆ ಬೇರೆ ಖಾತೆ ತೆರೆಯಿರಿ.

ನೀರು ಚಿಮ್ಮುವ ಕೊರೆತಗಳಿಗೆ ಸಿಮೆಂಟ್ ತುಂಬಿ. ಅಟ್ಟದ ಮರ, ಕೇಬಲ್, ಖಾಲಿ ಡ್ರಮ್, ಮುರಿದ ರಾಡ್ ಎಲ್ಲವೂ ಹೆಲಿಕಾಪ್ಟರಿನಲ್ಲಿ ವಾಪಸ್. ಕೆದಕಿದ ನೆಲಕ್ಕೆ ಅಲ್ಲಿಯದೇ ಮೇಲ್ಮಣ್ಣು, ಅಲ್ಲಿಯದೇ ಬೀಜ. ಕೋರ್ ಪೆಟ್ಟಿಗೆಗಳನ್ನು ಸಮುದಾಯಕ್ಕೆ ಬೇಕೇ ಎಂದು ಕೇಳಿ. ಮುಂದಿನ ಕಂಪನಿ ಬಂದಾಗ ಆ ಕೋರ್ ಇದ್ದವರ ಕೈ ಮೇಲಿರುತ್ತದೆ. ನೀರಿನ ಮಾದರಿ, ವನ್ಯಜೀವಿ ವೀಕ್ಷಣೆ, ಕೊರೆತದ ಲಾಗ್, ಐಪಿ ದತ್ತಾಂಶ, ಎಲ್ಲದರ ಪೂರ್ತಿ ಪ್ರತಿ ಭೂ ಕಚೇರಿಗೆ ಕೊಡಿ, ಪಿಡಿಎಫ್‌ನಲ್ಲಲ್ಲ, ಬಳಸಲು ಬರುವ ಫೈಲಿನಲ್ಲಿ. ಕ್ಲೇಮ್ ಉಳಿಸಿಕೊಳ್ಳಲು ವರ್ಷವರ್ಷವೂ ಕೆಲಸ ತೋರಿಸಬೇಕು, ಮೊದಲೆರಡು ವರ್ಷ ಹೆಕ್ಟೇರಿಗೆ 5 ಡಾಲರಿನಷ್ಟು, ಆಮೇಲೆ ಹಂತಹಂತವಾಗಿ 20ರವರೆಗೆ. ಕೆಲಸ ಮಾಡುವ ಮನಸ್ಸಿಲ್ಲದಿದ್ದರೆ ಕ್ಲೇಮನ್ನು ಸುಮ್ಮನೆ ಹಿಡಿದು ಕೂರದೆ, ಬಿಡುವ ತಾರೀಕನ್ನು ಸಮುದಾಯಕ್ಕೆ ಮುಂಚಿತವಾಗಿ ತಿಳಿಸಿ. ಆ ಚೌಕಗಳನ್ನು ಮತ್ತೆ ತೆರೆಯುವುದು ಬೇಡ ಎಂದು ಸರ್ಕಾರಕ್ಕೆ ಹೇಳಲು ಅವರಿಗೆ ಸಮಯ ಸಿಗುತ್ತದೆ.

ಠೇವಣಿ ಬಿಡುಗಡೆಗೆ ಗಣಿ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಅವರಿಗೂ ಮುಂಚೆ ಭೂ ಕಚೇರಿಯವರನ್ನು ಕರೆದುಕೊಂಡು ಹೋಗಿ, ಪ್ರತಿ ಡ್ರಿಲ್ ಜಾಗದಲ್ಲೂ ನಿಂತು ಪಟ್ಟಿಗೆ ಟಿಕ್ ಹಾಕಿಸಿಕೊಳ್ಳಿ. ಅವರು ಎರಡು ಜಾಗ ಸರಿಯಿಲ್ಲ ಎಂದರೆ ಆ ಎರಡನ್ನೂ ಅದೇ ಬೇಸಿಗೆಯಲ್ಲಿ ಮುಗಿಸಿ, ಇನ್‌ಸ್ಪೆಕ್ಟರ್‌ಗೆ ಆಮೇಲೆ ಪತ್ರ ಬರೆಯಿರಿ.